ಹೊಸ ಪುಸ್ತಕ, ಹಳೆಯ ಶಿಲ್ಕು



ಇಂದು ನಾನು ಆರಿಸಿಕೊಂಡಿರುವ ವಿಷಯ ಮನೆಯ ಲೆಕ್ಕ. ಅದರಲ್ಲೂ ಕಂಪ್ಯೂಟರಿನಲ್ಲಿ ಇಟ್ಟ ಮನೆಯ ಲೆಕ್ಕ, ಮತ್ತು ಆ ಲೆಕ್ಕದ ಸಾಫ್ಟ್‌ವೇರನ್ನು ಹಳೆಯದರಿಂದ ಹೊಸದಕ್ಕೆ ಬದಲಾಯಿಸುವಾಗ ನಾವು ಪಡುವ ಪಾಡು. ನಿಮ್ಮಲ್ಲಿ ಕೆಲವರು, "ನಮ್ಮ ಮನೆಯಲ್ಲಿ ಇಂದಿಗೂ ಡೈರಿಯೇ, ನಮಗೇಕೆ ಈ ತಲೆನೋವು?" ಎನ್ನಬಹುದು. ನೀವು ಪುಣ್ಯವಂತರು. ಆದರೂ ಕೊನೆಯವರೆಗೆ ಕೇಳಿ. ಈ ಮಾತು ಸುತ್ತಿ ಬಳಸಿ ನಿಮ್ಮ ಡೈರಿಯ ಬಳಿಗೇ ಬರುತ್ತದೆ.

ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಸೇರಿದ ನಮ್ಮಂಥವರ ಲೆಕ್ಕ ಸ್ವಲ್ಪ ಹರಡಿಕೊಂಡಿರುತ್ತದೆ. ಸಂಬಳ ಇಲ್ಲಿಯ ಬ್ಯಾಂಕಿಗೆ ಬರುತ್ತದೆ. ಒಂದು ಠೇವಣಿ ಊರಿನ ಸಹಕಾರಿ ಬ್ಯಾಂಕಿನಲ್ಲಿರುತ್ತದೆ. ಪಿಪಿಎಫ್ ಅಂಚೆ ಕಚೇರಿಯಲ್ಲಿ, ಎಲ್‌ಐಸಿ ಪಾಲಿಸಿ ಮದುವೆಯಾದ ವರ್ಷದ್ದು, ಫ್ಲ್ಯಾಟಿನ ಸಾಲದ ಕಂತು, ಸೊಸೈಟಿಯ ಮೇಂಟೆನನ್ಸ್, ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹೋಗುವ ಹಣ, ಅಮ್ಮನ ಔಷಧಿಗೆಂದು ಊರಿಗೆ ಕಳಿಸುವ ಹಣ. ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಹಾಗಾಗಿ ಮನೆಗೆ ಕಂಪ್ಯೂಟರ್ ಬಂದ ಕಾಲದಲ್ಲಿ ಅನೇಕರು ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಂಡರು. ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ವಾರದ ಚೀಟಿಗಳನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತರೆ ಲೆಕ್ಕ ಚೊಕ್ಕವಾಗುತ್ತಿತ್ತು.

ಹೀಗೆ ಹತ್ತು ಹದಿನೈದು ವರ್ಷ ನಡೆದ ಮೇಲೆ ಒಂದು ದಿನ ಪರದೆಯ ಮೇಲೆ ಸೂಚನೆ ಬರುತ್ತದೆ: ಹೊಸ ಆವೃತ್ತಿ ಬಂದಿದೆ, ನವೀಕರಿಸಿ. ಇಲ್ಲವೇ ಕಂಪ್ಯೂಟರೇ ಕೆಡುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಹಳೆಯ ಸಾಫ್ಟ್‌ವೇರ್ ನಡೆಯುವುದಿಲ್ಲ. ನೀವು ಹೊಸದನ್ನು ಹಾಕುತ್ತೀರಿ. ಅದು ಹಳೆಯ ಕಡತವನ್ನು ತೆರೆದು, ತನ್ನ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಒಮ್ಮೆ ಬದಲಾದ ಆ ಕಡತವನ್ನು ಹಳೆಯ ಆವೃತ್ತಿ ಸಾಮಾನ್ಯವಾಗಿ ತೆರೆಯಲಾರದು. ಹೋಗುವ ದಾರಿ ಉಂಟು, ಬರುವ ದಾರಿ ಇಲ್ಲ.

ಆಮೇಲೆ ಏನೇನು ಆಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲ ಪೆಟ್ಟು ದಿನಾಂಕಕ್ಕೆ. 03-04-2009 ಎಂದರೆ ನಮಗೆ ಏಪ್ರಿಲ್ ಮೂರು. ಅಮೆರಿಕದಲ್ಲಿ ತಯಾರಾದ ಸಾಫ್ಟ್‌ವೇರಿಗೆ ಅದು ಮಾರ್ಚ್ ನಾಲ್ಕು. ದಿನಾಂಕ 13 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಂತೆಯಿಲ್ಲ, ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ಯಂತ್ರವೇ ತಡವರಿಸಿ ನಿಲ್ಲುತ್ತದೆ. 12ರೊಳಗಿನ ದಿನಾಂಕಗಳು ಮಾತ್ರ ಸದ್ದಿಲ್ಲದೆ ಅದಲು ಬದಲಾಗುತ್ತವೆ. ಏಪ್ರಿಲ್ ಮೂರು ಮಾರ್ಚ್ ನಾಲ್ಕಾದರೆ ಏನಾಯಿತು? ನಮ್ಮ ಆರ್ಥಿಕ ವರ್ಷ ಏಪ್ರಿಲ್ ಒಂದಕ್ಕೆ ಆರಂಭವಾಗುವುದರಿಂದ ಆ ಬಡ್ಡಿ, ಆ ಖರ್ಚು ಹಿಂದಿನ ವರ್ಷಕ್ಕೆ ಹೋಗಿ ಕೂರುತ್ತದೆ. ಆದಾಯ ತೆರಿಗೆಯ ಲೆಕ್ಕ ಮಾಡುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯದು ಅಲ್ಪವಿರಾಮ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಲೆಕ್ಕ ಸಾಗಿಸಲು ಸಿಎಸ್‌ವಿ ಎಂಬ ಕಡತ ಬಳಸುತ್ತಾರೆ. ಅದರಲ್ಲಿ ಒಂದು ಕಾಲಮಿಗೂ ಮತ್ತೊಂದಕ್ಕೂ ನಡುವೆ ಇರುವ ಗೋಡೆ ಅಲ್ಪವಿರಾಮವೇ. ನಾವು ಒಂದು ಲಕ್ಷ ಇಪ್ಪತ್ತೈದು ಸಾವಿರವನ್ನು ಬರೆಯುವಾಗ ಒಂದರ ನಂತರ ಒಂದು ಅಲ್ಪವಿರಾಮ, ಇಪ್ಪತ್ತೈದರ ನಂತರ ಇನ್ನೊಂದು ಹಾಕುತ್ತೇವೆ. ಆ ಮೊತ್ತವನ್ನು ಉದ್ಧರಣ ಚಿಹ್ನೆಯೊಳಗೆ ಇಡದೇ ಇದ್ದರೆ ಅದು ಮೂರು ತುಂಡಾಗಿ ಮೂರು ಕಾಲಮಿಗೆ ಹೋಗುತ್ತದೆ. ಮೊತ್ತದ ಜಾಗದಲ್ಲಿ ಉಳಿಯುವುದು ಒಂದು ರೂಪಾಯಿ!

ಅದೇ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ನೋಡಿ ಉಳಿಸಿದರೆ ಇನ್ನೊಂದು ಅಪಾಯ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಸರಿಯಾಗಿ ಹಿಡಿದಿಡುತ್ತದೆ. ಕ್ರೆಡಿಟ್ ಕಾರ್ಡಿನ ಸಂಖ್ಯೆ 16 ಅಂಕಿಯದಾದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಖಾತೆ ಸಂಖ್ಯೆಯ ಮುಂದಿರುವ ಸೊನ್ನೆಗಳು ಮಾಯವಾಗುತ್ತವೆ. ಊರಿನ ಬ್ಯಾಂಕಿನ ಖಾತೆ ಸಂಖ್ಯೆಯಲ್ಲಿ ಮುಂದೆ ಮೂರು ಸೊನ್ನೆ ಇದ್ದದ್ದು ಹತ್ತು ವರ್ಷದ ನಂತರ ಯಾರಿಗೆ ನೆನಪಿರುತ್ತದೆ?

ಮೂರನೆಯದು ಒಂದೇ ಹಣ ಎರಡು ಸಲ ಬರುವುದು. ಉಳಿತಾಯ ಖಾತೆಯಿಂದ 50,000 ರೂಪಾಯಿ ತೆಗೆದು ಠೇವಣಿ ಇಟ್ಟಿದ್ದೀರಿ ಎನ್ನಿ. ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗಿದೆ ಅಷ್ಟೆ. ಆದರೆ ಎರಡು ಖಾತೆಗಳನ್ನೂ ಬೇರೆ ಬೇರೆಯಾಗಿ ಸಾಗಿಸಿದಾಗ ಹೊಸ ಸಾಫ್ಟ್‌ವೇರ್ ಅದನ್ನು ಇಲ್ಲಿ ಖರ್ಚೆಂದೂ ಅಲ್ಲಿ ಆದಾಯವೆಂದೂ ಬರೆದುಕೊಳ್ಳಬಹುದು. ಆ ವರ್ಷ ನೀವು ದುಂದು ಮಾಡಿದಂತೆಯೂ ಕಾಣುತ್ತದೆ, ದುಪ್ಪಟ್ಟು ದುಡಿದಂತೆಯೂ ಕಾಣುತ್ತದೆ.

ನಾಲ್ಕನೆಯದು ಮ್ಯೂಚುವಲ್ ಫಂಡಿನ ಯೂನಿಟ್ಟುಗಳು. ಅವು ದಶಮಾಂಶದ ನಂತರ ಮೂರು ನಾಲ್ಕು ಅಂಕಿಗಳವರೆಗೆ ಇರುತ್ತವೆ. ಸಾಗಿಸುವಾಗ ಎರಡು ಅಂಕಿಗೆ ಸರಿಮಾಡಿದರೆ, ಎಂದೋ ಪೂರ್ತಿ ಮಾರಿ ಮುಗಿಸಿದ ಫಂಡಿನಲ್ಲಿ ಕಡಲೆಕಾಳಿನಷ್ಟು ಯೂನಿಟ್ಟು ಉಳಿದು, ಅದು ಪ್ರತಿ ತಿಂಗಳೂ ವರದಿಯಲ್ಲಿ ಇಣುಕುತ್ತದೆ. ಷೇರುಗಳ ಬೋನಸ್, ವಿಭಜನೆ ಸರಿಯಾಗಿ ಬಾರದೆ ಹೋದರೆ ನೂರು ಷೇರು ಐವತ್ತಾಗಿ ಕಾಣುವುದೂ ಉಂಟು.

ಐದನೆಯದು ಕನ್ನಡಿಗರ ವಿಶೇಷ ಕಷ್ಟ. ಹಿಂದೆ ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಟೈಪು ಮಾಡುತ್ತಿದ್ದಾಗ ಕಂಪ್ಯೂಟರಿನ ಒಳಗೆ ಇದ್ದದ್ದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸ್ಥಾನ ಸಿಕ್ಕಿತು. ಆದರೆ ಹಳೆಯ ಕಡತ ಹೊಸ ಸಾಫ್ಟ್‌ವೇರಿಗೆ ಹೋದಾಗ ವೇಷ ಕಳಚಿಬೀಳುತ್ತದೆ. "ಅಪ್ಪಯ್ಯನ ಕಣ್ಣಿನ ಶಸ್ತ್ರಚಿಕಿತ್ಸೆ" ಎಂದು ಬರೆದದ್ದು ಅರ್ಥವಿಲ್ಲದ ಚಿಹ್ನೆಗಳ ಗುಂಪಾಗುತ್ತದೆ. ಮೊತ್ತ ಉಳಿದಿರುತ್ತದೆ, ಅದು ಯಾತಕ್ಕೆ ಎಂಬುದು ಹೋಗಿರುತ್ತದೆ. ನಮ್ಮ ರೂಪಾಯಿ ಚಿಹ್ನೆಯ ಕಥೆಯೂ ಇಂಥದ್ದೇ. ಅದು ಅಂಗೀಕಾರವಾದದ್ದು 2010ರ ಜುಲೈಯಲ್ಲಿ. ಅದಕ್ಕೂ ಹಿಂದಿನ ಸಾಫ್ಟ್‌ವೇರುಗಳಲ್ಲಿ ಆ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ಕಾಣಿಸಿದರೆ ಆಶ್ಚರ್ಯವಿಲ್ಲ.

ಇಷ್ಟು ಕಷ್ಟವಿದ್ದರೆ ಕಂಪನಿಗಳು ಯಾಕೆ ಹೊಸದನ್ನು ತರುತ್ತಲೇ ಇರುತ್ತವೆ? ಕೆಲವು ಕಾರಣಗಳು ನ್ಯಾಯವಾದವು. ವಿಂಡೋಸ್ ಬದಲಾಗುತ್ತದೆ, ಬ್ಯಾಂಕುಗಳ ಸುರಕ್ಷತೆಯ ಕ್ರಮ ಬದಲಾಗುತ್ತದೆ, ಕಳ್ಳಕಿಂಡಿಗಳನ್ನು ಮುಚ್ಚಬೇಕಾಗುತ್ತದೆ. ಆದರೆ ಇನ್ನೊಂದು ಕಾರಣವೂ ಇದೆ. ಕೂಡಿಸುವುದು, ಕಳೆಯುವುದು ಎಂದೂ ಬದಲಾಗುವುದಿಲ್ಲ. ಒಮ್ಮೆ ಚೆನ್ನಾಗಿ ಮಾಡಿದ ಲೆಕ್ಕದ ಸಾಫ್ಟ್‌ವೇರ್ ಇಪ್ಪತ್ತು ವರ್ಷ ಸಾಕು. ಕೊಂಡವನಿಗೆ ಅದು ಲಾಭ, ಮಾರಿದವನಿಗೆ ನಷ್ಟ. ಅವನಿಗೆ ಪ್ರತಿ ವರ್ಷ ಹಣ ಬರಬೇಕಲ್ಲ!

ಈ ಕ್ಷೇತ್ರದ ಹಿರಿಯ ಹೆಸರು ಕ್ವಿಕನ್. 1983ರಲ್ಲಿ ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂ ಅಮೆರಿಕದಲ್ಲಿ ಸ್ಥಾಪಿಸಿದ ಇಂಟುಯಿಟ್ ಕಂಪನಿಯ ಮೊದಲ ಸರಕು ಅದು. ಮೂರು ವರ್ಷ ದಾಟಿದ ಆವೃತ್ತಿಗೆ ಬ್ಯಾಂಕಿನಿಂದ ಲೆಕ್ಕ ಇಳಿಸಿಕೊಳ್ಳುವ ಸೌಲಭ್ಯವನ್ನು ನಿಲ್ಲಿಸುವ ಪದ್ಧತಿಯನ್ನು ಆ ಕಂಪನಿ ಬಹುಕಾಲ ನಡೆಸಿತು. 2016ರಲ್ಲಿ ಕ್ವಿಕನ್ ಬೇರೆ ಒಡೆಯರಿಗೆ ಮಾರಾಟವಾಯಿತು. 2018ರ ಆವೃತ್ತಿಯಿಂದ ಅದು ಚಂದಾ ಪದ್ಧತಿಗೆ ಬಂತು.

ಅದರ ಮ್ಯಾಕ್ ಬಳಕೆದಾರರು ಅನುಭವಿಸಿದ್ದು ಇನ್ನೂ ವಿಚಿತ್ರ. ಅವರ ಕೈಯಲ್ಲಿದ್ದದ್ದು 2007ರ ಆವೃತ್ತಿ. 2010ರಲ್ಲಿ ಅವರಿಗಾಗಿ ಬಂದ ಹೊಸ ಆವೃತ್ತಿಯಲ್ಲಿ ಷೇರು ಕೊಂಡ, ಮಾರಿದ ವಿವರ ಬರೆಯುವ ಅನುಕೂಲವೇ ಇರಲಿಲ್ಲ. ಹಾಗಾಗಿ ಅನೇಕರು ಹಳೆಯದನ್ನೇ ಹಿಡಿದು ಕೂತರು. 2011ರ ಜುಲೈಯಲ್ಲಿ ಆಪಲ್ ಕಂಪನಿ ಲಯನ್ ಎಂಬ ಹೊಸ ಕಾರ್ಯಾಚರಣೆ ವ್ಯವಸ್ಥೆ ತಂದಾಗ, ಹಳೆಯ ಸಾಫ್ಟ್‌ವೇರುಗಳನ್ನು ನಡೆಸುವ ಸೇತುವೆಯನ್ನು ತೆಗೆದುಹಾಕಿತು. ಅಲ್ಲಿಗೆ 2007ರ ಆವೃತ್ತಿ ನಡೆಯದಾಯಿತು. ಗಿರಾಕಿಗಳ ಒತ್ತಾಯಕ್ಕೆ 2012ರಲ್ಲಿ ಇಂಟುಯಿಟ್ ಅದೇ 2007ರ ಸಾಫ್ಟ್‌ವೇರನ್ನು ದುರಸ್ತಿ ಮಾಡಿ ಮತ್ತೆ ಮಾರಬೇಕಾಯಿತು. ಮುಂದಕ್ಕೆ ಹೋಗಲು ಜನ ಐದು ವರ್ಷ ಹಿಂದಿನದನ್ನು ಮತ್ತೆ ಕೊಂಡರು!

ಇನ್ನು ಮೈಕ್ರೋಸಾಫ್ಟ್ ಮನಿ. 1991ರಲ್ಲಿ ಬಂದ ಈ ಸಾಫ್ಟ್‌ವೇರ್ ಕ್ವಿಕನ್‌ಗೆ ದೊಡ್ಡ ಎದುರಾಳಿಯಾಗಿತ್ತು. 2009ರ ಜೂನಿನಲ್ಲಿ ಮೈಕ್ರೋಸಾಫ್ಟ್ ಅದರ ಮಾರಾಟವನ್ನೇ ನಿಲ್ಲಿಸಿತು. ಅಂತರ್ಜಾಲದ ಸೇವೆ 2011ರ ಜನವರಿಗೆ ಕೊನೆಗೊಂಡಿತು. ಒಂದು ಮಾತು ಮೆಚ್ಚಬೇಕು. 2010ರಲ್ಲಿ ಆ ಕಂಪನಿ "ಸನ್‌ಸೆಟ್", ಅಂದರೆ ಸೂರ್ಯಾಸ್ತ, ಎಂಬ ಹೆಸರಿನ ಕೊನೆಯ ಆವೃತ್ತಿಯನ್ನು ಉಚಿತವಾಗಿ ಕೊಟ್ಟಿತು. ಹಳೆಯ ಬಳಕೆದಾರರಿಗೆ ತಮ್ಮ ಕಡತವನ್ನು ತೆರೆಯಲಿಕ್ಕಾದರೂ ಒಂದು ಕೀಲಿಕೈ ಸಿಕ್ಕಿತು. ಕಂಪನಿ ಬಾಗಿಲು ಹಾಕುವುದಾದರೆ ಹೀಗೆ ಹಾಕಬೇಕು.

ಕಂಪ್ಯೂಟರ್ ಬಿಟ್ಟು ಅಂತರ್ಜಾಲದಲ್ಲಿ ಲೆಕ್ಕ ಇಟ್ಟವರಿಗೆ ನೆಮ್ಮದಿ ಸಿಕ್ಕಿತೇ? 2007ರಲ್ಲಿ ಆರಂಭವಾದ ಮಿಂಟ್ ಎಂಬ ಉಚಿತ ಸೇವೆಯನ್ನು 2009ರಲ್ಲಿ ಇಂಟುಯಿಟ್ 170 ದಶಲಕ್ಷ ಡಾಲರಿಗೆ ಕೊಂಡಿತು. 2024ರ ಮಾರ್ಚಿನಲ್ಲಿ ಅದನ್ನು ಮುಚ್ಚಿತು. ಇಲ್ಲಿ ನಮ್ಮ ದೇಶದಲ್ಲಿ ಬ್ಯಾಂಕಿನ ಎಸ್‌ಎಂಎಸ್ ಓದಿ ತಾನಾಗಿಯೇ ಲೆಕ್ಕ ಬರೆಯುವ ಮೊಬೈಲ್ ಆ್ಯಪ್‌ಗಳು ಬಂದವು. 2018ರ ಅಕ್ಟೋಬರಿನಲ್ಲಿ ಗೂಗಲ್ ಎಸ್‌ಎಂಎಸ್ ಓದುವ ಅನುಮತಿಯ ನಿಯಮವನ್ನು ಬಿಗಿಗೊಳಿಸಿತು. ಇಂಥ ಆ್ಯಪ್‌ಗಳಲ್ಲಿ ಕೆಲವು ಸಾಲ ಕೊಡುವ ವ್ಯವಹಾರಕ್ಕೆ ಹೊರಳಿದವು. ನೀವು ಸಂಜೆ ಹಾಲಿನ ಲೆಕ್ಕ ನೋಡಲು ತೆರೆದರೆ ಅದು "ನಿಮಗೆ ಸಾಲ ಬೇಕೇ?" ಎಂದು ಕೇಳತೊಡಗಿತು.

2021ರ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಆರಂಭವಾಯಿತು. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಈ ಸಂಸ್ಥೆಗಳು ನಿಮ್ಮ ಒಪ್ಪಿಗೆಯ ಮೇರೆಗೆ ಬ್ಯಾಂಕಿನ ಮಾಹಿತಿಯನ್ನು ಬೇರೆಡೆಗೆ ಸಾಗಿಸುತ್ತವೆ. ಅದು ಒಳ್ಳೆಯ ಅನುಕೂಲ. ಆದರೆ ಅವು ಸಾಗಿಸುತ್ತವೆ, ಕೂಡಿಡುವುದಿಲ್ಲ. ಹತ್ತು ಸಾವಿರ ಹೋಯಿತು ಎಂದು ಬ್ಯಾಂಕು ಹೇಳಬಲ್ಲದು. ಅದು ತಂಗಿಯ ಮಗನ ಕಾಲೇಜು ಫೀಜಿಗೆ ಹೋಯಿತು, ಅದರಲ್ಲಿ ಅರ್ಧ ವಾಪಸು ಬರಬೇಕು ಎಂಬುದನ್ನು ನೀವೇ ಬರೆದಿಡಬೇಕು.

ಇದೆಲ್ಲ ಬರಿಯ ಕಿರಿಕಿರಿಯಾಗಿದ್ದರೆ ನಾನು ನಿಮ್ಮ ಇಷ್ಟು ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಹಳೆಯ ಲೆಕ್ಕಕ್ಕೆ ಬೆಲೆ ಇದೆ. 2018ರ ಬಜೆಟ್ಟಿನಲ್ಲಿ ಷೇರು ಮತ್ತು ಷೇರು ಆಧಾರಿತ ಫಂಡುಗಳ ದೀರ್ಘಾವಧಿ ಲಾಭಕ್ಕೆ ಮತ್ತೆ ತೆರಿಗೆ ಬಂತು. ಅದಕ್ಕೆ ಮುಂಚೆ ಕೊಂಡವುಗಳ ವಿಷಯದಲ್ಲಿ 2018ರ ಜನವರಿ 31ರ ಬೆಲೆಯನ್ನೂ ನೀವು ಕೊಂಡ ಬೆಲೆಯನ್ನೂ ನೋಡಿ ಲೆಕ್ಕ ಹಾಕಬೇಕು. ಕೊಂಡ ದಿನ, ಕೊಂಡ ಬೆಲೆ ಗೊತ್ತಿರಬೇಕು. 2024ರ ಬದಲಾವಣೆಯಲ್ಲಿ, ಆ ವರ್ಷದ ಜುಲೈ 23ಕ್ಕೆ ಮೊದಲು ಕೊಂಡ ಮನೆಯನ್ನು ಮಾರುವ ನಿವಾಸಿ ವ್ಯಕ್ತಿಗೆ ಎರಡು ಬಗೆಯ ಲೆಕ್ಕದ ಅವಕಾಶ ಕೊಡಲಾಯಿತು: ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇಕಡಾ 12.5, ಹೊಂದಾಣಿಕೆಯೊಂದಿಗೆ ಶೇಕಡಾ 20. ಇಂಥಲ್ಲಿ ಫ್ಲ್ಯಾಟಿಗೆ ಎಂದು ಎಷ್ಟು ಕೊಟ್ಟಿರಿ, ಆಮೇಲೆ ಅದರ ಸುಧಾರಣೆಗೆ ಎಷ್ಟು ಹಾಕಿದಿರಿ ಎಂಬ ದಾಖಲೆ ಮುಖ್ಯವಾಗುತ್ತದೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಡೊಂಬಿವಲಿಯಲ್ಲಿ ನಮಗೆ ಪರಿಚಯದ ಒಂದು ಕುಟುಂಬ. ಯಜಮಾನರು ಉತ್ತರ ಕನ್ನಡದ ಕಡೆಯವರು, ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಹದಿನೆಂಟು ವರ್ಷ ಕಂಪ್ಯೂಟರಿನಲ್ಲಿ ಪೈಸೆ ಪೈಸೆಗೆ ಲೆಕ್ಕ ಇಟ್ಟಿದ್ದರು. ಒಂದು ಮಳೆಗಾಲ ಅವರು ಇದ್ದಕ್ಕಿದ್ದಂತೆ ತೀರಿಕೊಂಡರು. ಪುಣೆಯಲ್ಲಿದ್ದ ಮಗ ಬಂದು ಹಳೆಯ ಕಂಪ್ಯೂಟರಿನಿಂದ ಕಡತವನ್ನು ಹೇಗೋ ತೆಗೆದ. ಆದರೆ ಹೊಸ ಆವೃತ್ತಿಯ ಸಾಫ್ಟ್‌ವೇರ್, "ಈ ಕಡತ ತುಂಬ ಹಳೆಯದು, ಮೊದಲು ನಡುವಿನ ಆವೃತ್ತಿಯೊಂದರಲ್ಲಿ ತೆರೆದು ಬದಲಾಯಿಸಿ" ಎಂದಿತು. ಆ ನಡುವಿನ ಆವೃತ್ತಿಯನ್ನು ಹುಡುಕಿ ಹಾಕಿದ ಮೇಲೆ ಅದು ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

ಆ ಮನೆಯನ್ನು ಕಾಪಾಡಿದ್ದು ಒಂದು ಕಾಗದದ ಹಾಳೆ. ಯಜಮಾನರು ಪ್ರತಿ ವರ್ಷ ಮಾರ್ಚ್ 31ಕ್ಕೆ ಒಂದು ಹಾಳೆಯನ್ನು ಮುದ್ರಿಸಿ ಎಲ್‌ಐಸಿ ಬಾಂಡುಗಳ ಜೊತೆ ಕಪಾಟಿನಲ್ಲಿ ಇಡುತ್ತಿದ್ದರು. ಯಾವ ಬ್ಯಾಂಕು, ಯಾವ ಶಾಖೆ, ಖಾತೆ ಸಂಖ್ಯೆ, ಎಷ್ಟು ಶಿಲ್ಕು, ನಾಮಿನಿ ಯಾರು, ಅಷ್ಟೆ. ಶಿರಸಿಯ ಬ್ಯಾಂಕಿನಲ್ಲಿದ್ದ ಎರಡು ಠೇವಣಿಗಳ ವಿಷಯ ಮಗನಿಗೆ ತಿಳಿದದ್ದೇ ಆ ಹಾಳೆಯಿಂದ. ಆ ತಾಯಿ ಆಮೇಲೆ ನಮ್ಮ ಮನೆಯಲ್ಲಿ ಕೂತು ಹೇಳಿದರು: "ಕಂಪ್ಯೂಟರು ಅವರದ್ದಾಗಿತ್ತು. ಈ ಹಾಳೆ ಮಾತ್ರ ನನಗೂ ಓದಲಿಕ್ಕೆ ಬರ್ತದೆ."

ಆ ಹಾಳೆ ಇಲ್ಲದಿದ್ದರೆ? ಹತ್ತು ವರ್ಷ ಯಾರೂ ಕೇಳದ ಠೇವಣಿಯ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗಾಯಿಸಬೇಕು. ವಾರಸುದಾರರು ಆಮೇಲೂ ಅದನ್ನು ಕೇಳಿ ಪಡೆಯಬಹುದು. ಇಂಥ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಉದ್ಗಮ್ ಎಂಬ ತಾಣವನ್ನೂ ತೆರೆದಿದೆ. ಆದರೆ ಹುಡುಕಬೇಕು ಎಂದು ಮನೆಯವರಿಗೆ ತೋಚಬೇಕಲ್ಲ!

ಈಗ ನಮ್ಮ ಹಿರಿಯರ ಪದ್ಧತಿ ನೋಡಿ. ಅಂಗಡಿಯಲ್ಲಿ, ಹೋಟೆಲಿನಲ್ಲಿ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಿದ್ದರು. ಹಳೆಯ ಪುಸ್ತಕದ ಒಂದೊಂದು ಸಾಲನ್ನೂ ಹೊಸದಕ್ಕೆ ನಕಲು ಮಾಡುತ್ತಿದ್ದರೇ? ಇಲ್ಲ. "ಹಿಂದಿನ ಶಿಲ್ಕು" ಎಂದು ಒಂದು ಸಾಲು ಬರೆದು, ಯಾರಿಂದ ಎಷ್ಟು ಬಾಕಿ ಬರಬೇಕೆಂದು ಇಳಿಸಿಕೊಂಡು, ಹೊಸ ಪುಸ್ತಕ ಶುರು ಮಾಡುತ್ತಿದ್ದರು. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡುತ್ತಿದ್ದರು. ಬೇಕೆಂದಾಗ ತೆಗೆದು ಓದಬಹುದಿತ್ತು. ಹೊಸ ಪುಸ್ತಕ ಬಂತೆಂದು ಹಳೆಯದರ ಅಕ್ಷರ ಅಳಿಸಿಹೋಗುತ್ತಿರಲಿಲ್ಲ.

ನಾನು ನಿಮಗೆ ಹೇಳುವುದು ಇಷ್ಟೇ. ಸಾಫ್ಟ್‌ವೇರ್ ಬದಲಾಯಿಸುವಾಗ ಇದೇ ಕ್ರಮ ಹಿಡಿಯಿರಿ. ಹದಿನೈದು ವರ್ಷದ ಪ್ರತಿಯೊಂದು ಹಾಲು, ತರಕಾರಿಯ ಸಾಲನ್ನೂ ಹೊಸದಕ್ಕೆ ಎಳೆದು ತರಲು ಹೋಗಬೇಡಿ. ಏಪ್ರಿಲ್ ಒಂದನೇ ತಾರೀಖನ್ನು ಗೊತ್ತು ಮಾಡಿಕೊಂಡು, ಪ್ರತಿ ಖಾತೆಗೂ ಹಿಂದಿನ ಶಿಲ್ಕು ಬರೆದು ಹೊಸದಾಗಿ ಶುರು ಮಾಡಿ. ಷೇರು, ಫಂಡು ಮತ್ತು ಮನೆಗೆ ಮಾತ್ರ ಒಟ್ಟು ಮೊತ್ತ ಸಾಲದು. ಕೊಂಡ ದಿನ, ಸಂಖ್ಯೆ, ಬೆಲೆ ಇವನ್ನು ಒಂದೊಂದಾಗಿ ಬರೆಯಿರಿ. ಒಂದು ರಜಾದಿನದ ಕೆಲಸ.

ಹಳೆಯದನ್ನು ಮುಚ್ಚುವ ಮುನ್ನ ಅದರಿಂದಲೇ ಮೂರು ವಸ್ತು ತೆಗೆದಿಡಿ. ಒಂದು, ಮೂಲ ಕಡತದ ನಕಲು, ಹೊಸ ಸಾಫ್ಟ್‌ವೇರ್ ಮುಟ್ಟುವ ಮೊದಲೇ, ಬೇರೊಂದು ಡಿಸ್ಕಿನಲ್ಲಿ. ಎರಡು, ಎಲ್ಲ ವ್ಯವಹಾರಗಳ ಸಿಎಸ್‌ವಿ ಪಟ್ಟಿ. ಅದನ್ನು ಯಾವ ಕಂಪ್ಯೂಟರೂ ಓದುತ್ತದೆ. ಮೂರು, ವರ್ಷವಾರು ವರದಿಗಳ ಪಿಡಿಎಫ್. ಹಳೆಯ ಫಾಂಟಿನ ಕನ್ನಡವೂ ಪಿಡಿಎಫ್‌ನಲ್ಲಿ ಫಾಂಟು ಸೇರಿಕೊಂಡರೆ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ.

ಹೊಸದು ಶುರುವಾದ ಮೇಲೆ ಒಂದೆರಡು ತಿಂಗಳು ಹಳೆಯದನ್ನೂ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ಎರಡರ ಶಿಲ್ಕನ್ನೂ ಬ್ಯಾಂಕಿನ ಸ್ಟೇಟ್‌ಮೆಂಟಿಗೆ ತಾಳೆ ನೋಡಿ. ಹೊಸದನ್ನು ಆರಿಸುವಾಗ "ಇದರಲ್ಲಿ ಏನೇನು ಸೌಲಭ್ಯ ಇದೆ?" ಎಂಬುದಕ್ಕಿಂತ ಮೊದಲು "ಇದರಿಂದ ನನ್ನ ಲೆಕ್ಕವನ್ನು ಹೊರಗೆ ತೆಗೆಯುವುದು ಹೇಗೆ?" ಎಂದು ಕೇಳಿ. ಗ್ನುಕ್ಯಾಶ್‌ನಂಥ ಮುಕ್ತ ಸಾಫ್ಟ್‌ವೇರುಗಳು ಉಚಿತವಾಗಿ ಸಿಗುತ್ತವೆ, ಅವುಗಳ ಕಡತದ ರಚನೆ ಗುಟ್ಟಿನದಲ್ಲ. ಕಲಿಯಲು ಸ್ವಲ್ಪ ತಾಳ್ಮೆ ಬೇಕು.

ಕೊನೆಯದಾಗಿ ಆ ಹಾಳೆ. ಪ್ರತಿ ಮಾರ್ಚ್ 31ಕ್ಕೆ ಒಂದು. ಮುದ್ರಿಸಿದ್ದಾದರೂ ಸರಿ, ಡೈರಿಯಲ್ಲಿ ಕೈಯಲ್ಲಿ ಬರೆದದ್ದಾದರೂ ಸರಿ. ಪಾಸ್‌ವರ್ಡನ್ನು ಅದರಲ್ಲಿ ಬರೆಯಬೇಡಿ. ಅದನ್ನು ಬೇರೆಯಾಗಿ ಲಕೋಟೆಯಲ್ಲಿ ಮುಚ್ಚಿಟ್ಟು, ಎಲ್ಲಿದೆ ಎಂದು ಮನೆಯವರಿಗೆ ತಿಳಿಸಿ. ಹಾಳೆಯನ್ನು ನಿಮ್ಮ ಹೆಂಡತಿಯ, ಗಂಡನ ಅಥವಾ ಮಕ್ಕಳ ಕೈಗೆ ಕೊಟ್ಟು, "ಓದಿ ಹೇಳು, ಅರ್ಥವಾಯಿತೇ?" ಎಂದು ಕೇಳಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಅದೇ ಹಾಳೆಯ ಅಂಚಿನಲ್ಲಿ ಬರೆಯಿರಿ. ಈ ಭಾನುವಾರವೇ ಮಾಡಿದರೆ ಮಾರ್ಚ್‌ವರೆಗೆ ಕಾಯುವ ಅಗತ್ಯವೂ ಇಲ್ಲ.